ಅನಾಟಮಿಯ ಮೊದಲ ಅಧ್ಯಾಯವನ್ನು ಬಾಯಿಪಾಠ ಮಾಡಬೇಡಿ, ಮೊದಲು ಎದ್ದು ನಿಲ್ಲಿ

ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನೀವು ಈಗ ಬಿಎಸ್ಸಿ ನರ್ಸಿಂಗ್ ಸೇರಿದ್ದೀರಿ. ಅನಾಟಮಿ, ಅಂದರೆ ದೇಹರಚನೆಯ, ಪುಸ್ತಕ ತೆರೆದರೆ ಮೊದಲ ಅಧ್ಯಾಯದಲ್ಲೇ ಆಂಟೀರಿಯರ್, ಮೀಡಿಯಲ್, ಪ್ರಾಕ್ಸಿಮಲ್ ಅಂತ ಪದಗಳ ಸಾಲು. ಇದನ್ನೆಲ್ಲ ಬಾಯಿಪಾಠ ಮಾಡಲೇಬೇಕಾ ಅಂತ ಕೇಳಿದ್ದೀರಿ. ಮುಂದಿನ ವಾರ ಸತ್ತ ದೇಹವನ್ನು ಬಿಡಿಸಿ ನೋಡಿ ಕಲಿಯುವ ಡಿಸೆಕ್ಷನ್ ಹಾಲ್‌ಗೆ ಹೋಗಬೇಕು, ಅದಕ್ಕೂ ಹೆದರಿಕೆ ಅಂತ ಬರೆದಿದ್ದೀರಿ. ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಅನಾಟಮಿ ಕಲಿಸುತ್ತೇನೆ, ನಾನೂ ಕನ್ನಡ ಮಾಧ್ಯಮದಲ್ಲೇ ಓದಿ ಬಂದವಳು. ಎರಡಕ್ಕೂ ಉತ್ತರ ಕೊಡುತ್ತೇನೆ.

ಬಾಯಿಪಾಠ ಬೇಡ. ಮೊದಲು ಎದ್ದು ನಿಲ್ಲಿ.

ನೆಟ್ಟಗೆ ನಿಂತು ಮುಂದಕ್ಕೆ ನೋಡಿ. ಪಾದಗಳು ಹತ್ತಿರ ಇರಲಿ, ಕಾಲ್ಬೆರಳು ಮುಂದಕ್ಕೆ. ಕೈಗಳು ಮೈಪಕ್ಕದಲ್ಲಿ ಇಳಿಬಿದ್ದಿರಲಿ, ಆದರೆ ಅಂಗೈ ಮುಂದಕ್ಕೆ ತಿರುಗಿ ಹೆಬ್ಬೆರಳು ಹೊರಗಡೆ ಬರಲಿ. ಇದೇ ಅನಾಟಮಿಕಲ್ ಪೊಸಿಷನ್. ರೋಗಿ ಅಂಗಾತ ಮಲಗಿರಲಿ, ಮಗ್ಗುಲಾಗಿರಲಿ, ಕುರ್ಚಿಯಲ್ಲಿ ಕೂತಿರಲಿ, ಅವರ ದೇಹದ ಬಗ್ಗೆ ಬರೆಯುವಾಗ ಅವರು ಹೀಗೇ ನಿಂತಿದ್ದಾರೆ ಅಂತ ಅಂದುಕೊಳ್ಳಬೇಕು. ಈ ನಿಲುವು ಮನಸ್ಸಿನಲ್ಲಿ ಕೂತರೆ ಆ ಅಧ್ಯಾಯದ ಬಹುಪಾಲು ಕೈಗೆ ಬಂದ ಹಾಗೆ.

ಯಾಕೆ ಇಷ್ಟು ಪಟ್ಟು? ಯಾರಾದರೂ 'ಬಸ್ ಸ್ಟ್ಯಾಂಡಿನ ಎಡಕ್ಕೆ ನಮ್ಮ ಮನೆ' ಅಂದರೆ, ಎತ್ತ ಮುಖ ಮಾಡಿ ನಿಂತಾಗ ಎಡ ಅಂತ ನಾವು ಕೇಳುತ್ತೇವೆ ಅಲ್ವಾ? ದೇಹಕ್ಕೂ ಅದೇ ಪ್ರಶ್ನೆ. ಕೈ ಇಳಿಬಿಟ್ಟಾಗ ಮಣಿಕಟ್ಟು ಮೊಣಕೈಗಿಂತ ಕೆಳಗಿರುತ್ತದೆ, ಮೇಲೆತ್ತಿದರೆ ಮೇಲಿರುತ್ತದೆ. ಎಲ್ಲರೂ ಒಂದೇ ನಿಲುವನ್ನು ಒಪ್ಪಿಕೊಂಡರೆ ಮಾತ್ರ ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಅರ್ಥವಾಗುತ್ತದೆ.

ಅಂಗೈ ಮುಂದಕ್ಕೆ ಇರಬೇಕು ಅನ್ನುವುದಕ್ಕೂ ಕಾರಣ ಇದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಅಂಗೈ ಮುಂದಿದ್ದಾಗ ಎರಡೂ ಅಕ್ಕಪಕ್ಕ ನೇರವಾಗಿ ನಿಲ್ಲುತ್ತವೆ. ಅಂಗೈ ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಈಗಲೇ ಇನ್ನೊಂದು ಕೈಯಿಂದ ಹಿಡಿದುಕೊಂಡು ತಿರುಗಿಸಿ ನೋಡಿ, ಬೆರಳಿಗೇ ತಿಳಿಯುತ್ತದೆ. ಮುಂದಕ್ಕೆ ತಿರುಗಿಸುವುದು ಸುಪಿನೇಷನ್, ಹಿಂದಕ್ಕೆ ತಿರುಗಿಸುವುದು ಪ್ರೊನೇಷನ್. ಎರಡು ಪದ ಆಗಲೇ ಬಂದವು ನೋಡಿ.

ಉಳಿದ ಪದಗಳೆಲ್ಲ ಜೋಡಿ ಜೋಡಿಯಾಗಿವೆ. ತಲೆಯ ಕಡೆ ಸುಪೀರಿಯರ್, ಪಾದದ ಕಡೆ ಇನ್‌ಫೀರಿಯರ್. ಮುಂದೆ ಆಂಟೀರಿಯರ್, ಹಿಂದೆ ಪೋಸ್ಟೀರಿಯರ್. ಮೂಗು, ಹೊಕ್ಕಳು ಹಾಯುವ ನಡುಗೆರೆಗೆ ಹತ್ತಿರ ಇದ್ದರೆ ಮೀಡಿಯಲ್, ದೂರ ಇದ್ದರೆ ಲ್ಯಾಟರಲ್. ಕೈಕಾಲಿನಲ್ಲಿ ಬುಡಕ್ಕೆ ಹತ್ತಿರ ಇರುವುದು ಪ್ರಾಕ್ಸಿಮಲ್, ತುದಿಯ ಕಡೆ ಇರುವುದು ಡಿಸ್ಟಲ್. ಚರ್ಮಕ್ಕೆ ಹತ್ತಿರ ಸೂಪರ್‌ಫಿಶಿಯಲ್, ಒಳಗೆ ಇಳಿದಷ್ಟೂ ಡೀಪ್.

ನನ್ನ ತರಗತಿಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಮೀಡಿಯಲ್ ಅಂದರೆ ಯಾವುದೋ ಒಂದು ಜಾಗ ಅಂದುಕೊಳ್ಳುತ್ತಾರೆ. ಅದು ಜಾಗ ಅಲ್ಲ, ಒಂದು ಹೋಲಿಕೆ. ಕಣ್ಣು ಮೂಗಿಗಿಂತ ಲ್ಯಾಟರಲ್, ಅದೇ ಕಣ್ಣು ಕಿವಿಗಿಂತ ಮೀಡಿಯಲ್. ಮೊಣಕೈ ಭುಜಕ್ಕಿಂತ ಡಿಸ್ಟಲ್, ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಆದ್ದರಿಂದ ಈ ಪದ ಕಂಡಾಗಲೆಲ್ಲ 'ಯಾವುದಕ್ಕಿಂತ?' ಅಂತ ಕೇಳಿಕೊಳ್ಳಿ. ಕೆಳಗೆ ಬಿದ್ದು ಕೈ ಊರಿದವರ ಫೈಲಿನಲ್ಲಿ 'ಡಿಸ್ಟಲ್ ರೇಡಿಯಸ್ ಫ್ರಾಕ್ಚರ್' ಅಂತ ಇರುತ್ತದೆ. ರೇಡಿಯಸ್ ಮೂಳೆಯ ಉಳಿದ ಭಾಗಕ್ಕಿಂತ ತುದಿಯ ಕಡೆ, ಅಂದರೆ ಮಣಿಕಟ್ಟಿನ ಹತ್ತಿರ, ಮುರಿದಿದೆ ಅಂತ ಪುಸ್ತಕ ನೋಡದೆಯೇ ಹೊಳೆಯಬೇಕು.

ಎಡ ಬಲದ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಎಡ ಅಂದರೆ ರೋಗಿಯ ಎಡ, ನಿಮ್ಮದಲ್ಲ. ಎಕ್ಸ್‌ರೇ ಫಿಲ್ಮನ್ನು ರೋಗಿ ನಮ್ಮ ಎದುರಿಗೆ ನಿಂತ ಹಾಗೆ ಹಿಡಿದು ನೋಡುತ್ತೇವೆ, ಹಾಗಾಗಿ ಅವರ ಹೃದಯ ನಮ್ಮ ಬಲಗಡೆ ಕಾಣುತ್ತದೆ. ಆಪರೇಷನ್‌ಗೆ ಮೊದಲು ಯಾವ ಕಾಲು, ಯಾವ ಕಿಡ್ನಿ ಅಂತ ರೋಗಿಯನ್ನೇ ಕೇಳಿ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕುವುದು ಸುಮ್ನೆ ಅಲ್ಲ. ತಪ್ಪು ಬದಿಗೆ ಆಪರೇಷನ್ ಆದ ಪ್ರಕರಣಗಳು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ನಡೆದಿವೆ.

ಈಗ ನಿಮ್ಮ ಮೈಮೇಲೆ ಬೆರಳಿಟ್ಟು ಕಲಿಯುವ ಭಾಗಕ್ಕೆ ಬರೋಣ. ನನಗೆ ಅನಾಟಮಿ ಪ್ರೀತಿಯ ವಿಷಯ ಆಗಿದ್ದು ಇದರಿಂದಲೇ.

ಗಂಟಲ ಕೆಳಗಿನ ಗುಳಿಯಲ್ಲಿ ಬೆರಳಿಡಿ. ಅಲ್ಲಿಂದ ಎದೆಮೂಳೆಯ ಮೇಲೆ ನಿಧಾನ ಕೆಳಗೆ ಜಾರಿಸಿ. ಸುಮಾರು ಐದು ಸೆಂಟಿಮೀಟರ್ ಆದಮೇಲೆ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದು ಸ್ಟರ್ನಲ್ ಆಂಗಲ್. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನ್ ಅಡಿಯಲ್ಲಿ ಅಡಗಿರುತ್ತದೆ, ಅದನ್ನು ಹುಡುಕಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಎರಡನೆಯದರಿಂದ ಕೆಳಗೆ ಎಣಿಸುತ್ತಾ ಹೋಗಿ. ಪಕ್ಕೆಲುಬುಗಳ ನಡುವಿನ ಸಂದಿಗೆ ಅದರ ಮೇಲಿನ ಪಕ್ಕೆಲುಬಿನ ಸಂಖ್ಯೆಯೇ ಹೆಸರು. ಎಡಗಡೆ ಐದನೇ ಸಂದಿಯಲ್ಲಿ, ಕಾಲರ್ ಬೋನ್ ನಡುವಿನಿಂದ ಇಳಿಸಿದ ಗೆರೆಯ ಹತ್ತಿರ, ಹೃದಯದ ತುದಿ ಬಡಿಯುವುದು ಸಿಗುತ್ತದೆ. ನಾಳೆ ವಾರ್ಡಿನಲ್ಲಿ ನೀವು ಇಸಿಜಿ, ಅಂದರೆ ಹೃದಯದ ವಿದ್ಯುತ್ ಅಲೆಗಳ ಚಿತ್ರ, ತೆಗೆಯುವಾಗ ಎದೆಗೆ ಅಂಟಿಸುವ ವಿ1, ವಿ2 ಲೀಡುಗಳನ್ನು ಎದೆಮೂಳೆಯ ಬಲ ಎಡಕ್ಕೆ ನಾಲ್ಕನೇ ಸಂದಿಯಲ್ಲಿ, ವಿ4 ಅನ್ನು ಇದೇ ಐದನೇ ಸಂದಿಯಲ್ಲಿ ಹಾಕಬೇಕು. ಕಣ್ಣಂದಾಜಿನಲ್ಲಿ ಹಾಕಿದರೆ ಲೀಡು ಮೇಲೆ ಹೋಗುತ್ತದೆ, ಇಸಿಜಿ ಬೇರೆಯೇ ಕಥೆ ಹೇಳುತ್ತದೆ.

ಮಣಿಕಟ್ಟಿಗೆ ಬನ್ನಿ. ಮುಷ್ಟಿ ಕಟ್ಟಿ ಕೈಯನ್ನು ಒಳಕ್ಕೆ ಬಗ್ಗಿಸಿ. ಹೆಬ್ಬೆರಳಿನ ಕಡೆ ಒಂದು ಗಟ್ಟಿ ಹುರಿ ಎದ್ದು ನಿಲ್ಲುತ್ತದೆ. ಅದು ಫ್ಲೆಕ್ಸರ್ ಕಾರ್ಪೈ ರೇಡಿಯಾಲಿಸ್ ಅನ್ನುವ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ. ಹೆಸರು ಕೇಳಿ ಗಾಬರಿಯಾಗಬೇಡಿ, ಬಿಡಿಸಿ ಓದಿ. ಬಗ್ಗಿಸುವುದು, ಮಣಿಕಟ್ಟನ್ನು, ರೇಡಿಯಸ್ ಕಡೆ ಇರುವುದು. ಸ್ನಾಯುವಿನ ಕೆಲಸ, ಜಾಗ ಎರಡೂ ಹೆಸರಿನಲ್ಲೇ ಇವೆ. ಈ ಹುರಿಯ ಲ್ಯಾಟರಲ್ ಬದಿಯಲ್ಲಿ, ಅಂದರೆ ಹೆಬ್ಬೆರಳಿನ ಕಡೆಗೆ, ಬೆರಳಿಟ್ಟು ಮೆಲ್ಲಗೆ ಒತ್ತಿದರೆ ನಾಡಿ ಸಿಗುತ್ತದೆ. ಅದೇ ರೀತಿ ಕುತ್ತಿಗೆಯನ್ನು ಒಂದು ಕಡೆಗೆ ತಿರುಗಿಸಿದಾಗ ಎದ್ದು ಕಾಣುವ ದಪ್ಪ ಸ್ನಾಯು ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್. ಎದೆಮೂಳೆ, ಕಾಲರ್ ಬೋನ್, ಕಿವಿಯ ಹಿಂದಿನ ಉಬ್ಬು, ಈ ಮೂರಕ್ಕೆ ಅದು ಅಂಟಿಕೊಂಡಿದೆ. ಅಷ್ಟನ್ನೇ ಆ ಹೆಸರು ಹೇಳುತ್ತಿದೆ.

ಇಂಜೆಕ್ಷನ್ ವಿಷಯಕ್ಕೆ ಬಂದರೆ ಈ ಪದಗಳ ತೂಕ ಗೊತ್ತಾಗುತ್ತದೆ. ಕುಂಡೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ಸುಪೀರೋಲ್ಯಾಟರಲ್ ಭಾಗದಲ್ಲಿ ಸೂಜಿ ಹಾಕಿ ಅಂತ ಹೇಳಿಕೊಡುತ್ತಾರೆ. ಅಂದರೆ ಮೇಲಿನ ಹೊರಭಾಗ. ಕೆಳಗೆ ಒಳಗಡೆ ಬೆರಳಿನಷ್ಟು ದಪ್ಪದ ಸಯಾಟಿಕ್ ನರ ಹಾದುಹೋಗುತ್ತದೆ. ಸೂಜಿ ಅದಕ್ಕೆ ತಗುಲಿದರೆ ಪಾದ ಎತ್ತಲಾಗದ ಸ್ಥಿತಿ ಬರಬಹುದು. ಲ್ಯಾಟರಲ್, ಮೀಡಿಯಲ್ ಅದಲುಬದಲಾದರೆ ಪರೀಕ್ಷೆಯಲ್ಲಿ ಹೋಗುವುದು ಒಂದು ಅಂಕ. ವಾರ್ಡಿನಲ್ಲಿ ಹೋಗುವುದು ಒಬ್ಬರ ಕಾಲಿನ ಬಲ. ಕೂಸುಗಳಿಗೆ ಲಸಿಕೆಯನ್ನು ತೊಡೆಯ ಆಂಟೀರೋಲ್ಯಾಟರಲ್ ಭಾಗದಲ್ಲಿ ಕೊಡುವುದಕ್ಕೂ ಇಂಥದ್ದೇ ಕಾರಣ. ಅಲ್ಲಿ ಸ್ನಾಯು ದಪ್ಪ, ದೊಡ್ಡ ನರ ರಕ್ತನಾಳಗಳು ದೂರ.

ಬೆನ್ನಿನಲ್ಲೂ ಒಂದು ಗುರುತು ಕಲಿಯಿರಿ. ಸೊಂಟದ ಎರಡೂ ಕಡೆ ಕೈಯಿಟ್ಟಾಗ ಸಿಗುವ ಮೂಳೆಯ ಏಣಿನ ಮೇಲ್ತುದಿಗಳನ್ನು ಹಿಂದಿನಿಂದ ಗೆರೆ ಎಳೆದು ಸೇರಿಸಿದರೆ ಅದು ನಾಲ್ಕನೇ ಲಂಬಾರ್ (ಸೊಂಟದ ಭಾಗದ ಬೆನ್ನು) ಮೂಳೆಯ ಸುತ್ತಮುತ್ತ ಹಾಯುತ್ತದೆ. ದೊಡ್ಡವರಲ್ಲಿ ಬೆನ್ನುಹುರಿ ಮೊದಲನೇ ಎರಡನೇ ಲಂಬಾರ್ ಮೂಳೆಯ ಹತ್ತಿರವೇ ಮುಗಿದಿರುತ್ತದೆ. ಹಾಗಾಗಿ ಬೆನ್ನಿನಿಂದ ನೀರು ತೆಗೆಯುವಾಗ ಆ ಗೆರೆಯ ಹತ್ತಿರ ಸೂಜಿ ಹಾಕಿದರೆ ಹುರಿಗೆ ತಗುಲುವುದಿಲ್ಲ. 'ಬೆನ್ನಿಗೆ ಸೂಜಿ ಹಾಕಿದರೆ ಸ್ವಾಧೀನ ಹೋಗುತ್ತದೆ' ಅಂತ ಹೆದರುವ ಮನೆಯವರಿಗೆ ನೀವು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಂಥ ಹೊತ್ತಿನಲ್ಲಿ ನಿಮಗೆ ದೊಡ್ಡ ಬಲ.

ಹೊಟ್ಟೆಯನ್ನು ಅನಾಟಮಿ ಒಂಬತ್ತು ಭಾಗ ಮಾಡುತ್ತದೆ. ನಾವು 'ಹೊಟ್ಟೆನೋವು' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತೇವೆ, ಡಾಕ್ಟರಿಗೆ ಬೇಕಾಗಿರುವುದು ಎಲ್ಲಿ ಅನ್ನುವುದು. ಬಲ ಪಕ್ಕೆಲುಬಿನ ಅಡಿಯ ಜಾಗದಲ್ಲಿ ಲಿವರ್, ಪಿತ್ತಕೋಶ. ಎದೆಗೂಡಿನ ನಡು ಕೆಳಗೆ, ಎಪಿಗ್ಯಾಸ್ಟ್ರಿಕ್ ಜಾಗದಲ್ಲಿ ಜಠರ. ಬಲ ಕೆಳಮೂಲೆಯ ರೈಟ್ ಇಲಿಯಾಕ್ ಫೋಸಾದಲ್ಲಿ ಅಪೆಂಡಿಕ್ಸ್. ಅಪೆಂಡಿಸೈಟಿಸ್‌ನಲ್ಲಿ (ಅಪೆಂಡಿಕ್ಸ್ ಉರಿಯೂತದಲ್ಲಿ) ಎಷ್ಟೋ ಸಲ ನೋವು ಮೊದಲು ಹೊಕ್ಕಳ ಸುತ್ತ ಶುರುವಾಗಿ, ಕೆಲವು ಗಂಟೆ ಕಳೆದ ಮೇಲೆ ಬಲ ಕೆಳಮೂಲೆಗೆ ಸರಿಯುತ್ತದೆ. ಅಪೆಂಡಿಕ್ಸ್‌ನ ನೋವನ್ನು ಹೊತ್ತ ನರಗಳೂ ಹೊಕ್ಕಳ ಸುತ್ತಿನ ಚರ್ಮದ ನರಗಳೂ ಬೆನ್ನುಹುರಿಯನ್ನು ಒಂದೇ ಮಟ್ಟದಲ್ಲಿ ಸೇರುತ್ತವೆ. ಹತ್ತನೇ ಥೊರಾಸಿಕ್ (ಎದೆ ಭಾಗದ) ಮಟ್ಟ ಅದು. ಮಿದುಳಿಗೆ ನೋವು ಹೊಕ್ಕಳಿನದ್ದೇ ಅನ್ನಿಸುತ್ತದೆ. ಉರಿಯೂತ ಹೊಟ್ಟೆಯ ಒಳಗೋಡೆಯ ಪದರಕ್ಕೆ ಮುಟ್ಟಿದಮೇಲೆ ಮಾತ್ರ ಸರಿಯಾದ ಜಾಗ ಗೊತ್ತಾಗುತ್ತದೆ. ರೋಗಿ 'ಆಗ ಇಲ್ಲಿತ್ತು, ಈಗ ಇಲ್ಲಿ' ಅಂದರೆ ಅದನ್ನು ಹಾಗೆಯೇ ಬರೆದುಕೊಳ್ಳಿ. ಅದು ಗೊಂದಲದ ಮಾತಲ್ಲ, ರೋಗದ ಸುಳಿವು.

ಪ್ಲೇನ್‌ಗಳಿಗೆ ಜಾಸ್ತಿ ಹೊತ್ತು ಬೇಡ, ಅವು ದೇಹವನ್ನು ಭಾಗ ಮಾಡುವ ಕಾಲ್ಪನಿಕ ಸಮತಲಗಳು. ದೇಹವನ್ನು ಎಡ ಬಲ ಮಾಡುವುದು ಸ್ಯಾಜಿಟಲ್, ಹಿಂದು ಮುಂದು ಮಾಡುವುದು ಕೊರೋನಲ್, ಮೇಲೆ ಕೆಳಗೆ ಮಾಡುವುದು ಟ್ರಾನ್ಸ್‌ವರ್ಸ್. ಸಿಟಿ ಸ್ಕ್ಯಾನಿನ ಅಡ್ಡ ಚಿತ್ರಗಳನ್ನು ರೋಗಿಯ ಪಾದದ ಕಡೆಯಿಂದ ನೋಡಿದ ಹಾಗೆ ಜೋಡಿಸಿರುತ್ತಾರೆ, ಅಲ್ಲೂ ಅವರ ಬಲ ನಿಮ್ಮ ಎಡಕ್ಕೆ. ಕೈಯನ್ನು ಮೈಯಿಂದ ದೂರ ತೆಗೆದರೆ ಅಬ್ಡಕ್ಷನ್, ಮೈಗೆ ಸೇರಿಸಿದರೆ ಅಡಕ್ಷನ್. ಇದನ್ನು ಮಾಡಿ ನೋಡಿ ಸಾಕು.

ಇಷ್ಟೊಂದು ಲ್ಯಾಟಿನ್ ಯಾಕೆ ಅಂತ ಕೋಪ ಬರುವುದು ಸಹಜ. ಒಂದು ಕಾಲದಲ್ಲಿ ಒಂದೇ ಭಾಗಕ್ಕೆ ಊರಿಗೊಂದು, ಗುರುವಿಗೊಂದು ಹೆಸರಿತ್ತು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅನಾಟಮಿ ತಜ್ಞರು ಸೇರಿ ಒಂದು ಭಾಗಕ್ಕೆ ಒಂದೇ ಹೆಸರು ಅಂತ ಪಟ್ಟಿ ಮಾಡಿದರು. ಅದು ತಿದ್ದುಪಡಿ ಆಗುತ್ತಾ ಬಂದು 1998ರಲ್ಲಿ ಟರ್ಮಿನೋಲಾಜಿಯಾ ಅನಾಟಮಿಕಾ ಆಯಿತು. ನೀವು ಕಲಿಯುವ ಹೆಸರನ್ನೇ ಬೇರೆ ದೇಶದ ಅನಾಟಮಿ ತಜ್ಞರೂ ಗುರುತಿಸಬಲ್ಲರು.

ಇನ್ನು ಡಿಸೆಕ್ಷನ್ ಹಾಲ್. ಹೆದರಿಕೆ ಆಗುವುದು ಸರಿಯೇ, ಅಲ್ಲಿ ಮಲಗಿರುವುದು ಒಬ್ಬ ಮನುಷ್ಯ. ಸತ್ತ ದೇಹವನ್ನು ನೋಡಿಯೇ ಕಲಿಯಬೇಕು ಅನ್ನುವುದು ನಮ್ಮಲ್ಲಿ ಹಳೆಯ ಮಾತು. ದೇಹವನ್ನು ಹುಲ್ಲಿನಲ್ಲಿ ಸುತ್ತಿ ಏಳು ರಾತ್ರಿ ಹರಿಯುವ ನೀರಿನಲ್ಲಿಟ್ಟು, ಆಮೇಲೆ ಪದರ ಪದರವಾಗಿ ಬಿಡಿಸಿ ನೋಡಬೇಕು ಅಂತ ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆ ಹೇಳುತ್ತದೆ. ನಮ್ಮ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು 2010ರಲ್ಲಿ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಎದುರು ಛೇದನ ಮಾಡಿ ಪಾಠ ಮಾಡಿದರು. ದೇಹದಾನ ಮಾಡಬೇಕೆಂಬುದು ಆ ತಂದೆಯದೇ ಆಸೆಯಾಗಿತ್ತು. ನಿಮ್ಮ ಮುಂದಿರುವ ದೇಹದ ಹಿಂದೆಯೂ ಇಂಥ ಒಂದು ಮನೆ ಇರಬಹುದು. ಫೋಟೋ ತೆಗೆಯಬೇಡಿ, ಅಡ್ಡಹೆಸರು ಇಡಬೇಡಿ, ಇಡುವವರನ್ನು ತಡೆಯಿರಿ.

ಆ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ದೇಹ ಕೆಡದಂತೆ ಬಳಸುವ ಫಾರ್ಮಲಿನ್ ವಾಸನೆಗೆ ಕಣ್ಣು ಉರಿದು ನೀರು ಬರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಬಿಟ್ಟು ಕನ್ನಡಕ ಹಾಕಿಕೊಂಡು ಹೋಗಿ. ತಲೆ ಸುತ್ತಿದ ಹಾಗಾದರೆ ನಿಂತೇ ಇರಬೇಡಿ, ಪಕ್ಕದವರಿಗೆ ಹೇಳಿ ಹೊರಗೆ ಬಂದು ಕೂತುಕೊಳ್ಳಿ. ಸುಧಾರಿಸಿಕೊಂಡ ಮೇಲೆ ಒಳಗೆ ಹೋಗಿ ಮೊದಲು ಆ ದೇಹದ ಬಲಗೈ ಯಾವುದು ಅಂತ ಗುರುತಿಸಿ, ಅದರ ರೇಡಿಯಸ್ ಯಾವ ಕಡೆ ಇದೆ ಅಂತ ನೋಡಿ. ಏನಾದರೂ ಗೊಂದಲವಾದರೆ ಇಲ್ಲೇ ಕಾಮೆಂಟಿನಲ್ಲಿ ಕೇಳಿ, ಉತ್ತರಿಸುತ್ತೇನೆ.