ಹೋದವರ ಲೆಕ್ಕ, ಉಳಿದವರ ಕಸುಬು

ಮೆಲ್ಬರ್ನಿನಲ್ಲಿ ನೆಲೆಸಿರುವ ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: “ಊರಿನಿಂದ ಬಂದಿದ್ದ ನಮ್ಮ ಭಾವನವರನ್ನು ವರ್ಮಾಂಟ್ ಸೌತ್ ಬಡಾವಣೆಯ ಪಿನ್ ಓಕ್ ಕೋರ್ಟ್‌ಗೆ ಕರೆದುಕೊಂಡು ಹೋಗಿದ್ದೆ. ‘ನೇಬರ್ಸ್’ ಧಾರಾವಾಹಿಯ ರಾಮ್ಸೇ ಸ್ಟ್ರೀಟ್ ಇದೇ, ಮಾರ್ಗೊ ರಾಬಿ ಇಲ್ಲಿಂದಲೇ ಹಾಲಿವುಡ್‌ಗೆ ಹೋದದ್ದು ಎಂದು ತೋರಿಸಿದೆ. ಆಸ್ಟ್ರೇಲಿಯಾದ ಧಾರಾವಾಹಿಗಳು ಹಾಲಿವುಡ್‌ಗೆ ಏಣಿ, ಅಷ್ಟೇ. ಅವುಗಳಿಗೆ ನೀವು ಎರಡು ಪುಟ ಕೊಡುವ ಅಗತ್ಯವೇನಿತ್ತು?”

ಸಂಪಾದಕರ ಉತ್ತರ:

ಭಾವನವರಿಗೆ ತಾವು ಹೇಳಿದ್ದರಲ್ಲಿ ತಪ್ಪಿಲ್ಲ. ಮಾರ್ಗೊ ರಾಬಿ 2008ರಿಂದ 2011ರವರೆಗೆ ‘ನೇಬರ್ಸ್’ನಲ್ಲಿದ್ದರು. ಹೀತ್ ಲೆಜರ್ 1997ರಲ್ಲಿ, ಕ್ರಿಸ್ ಹೆಮ್ಸ್‌ವರ್ತ್ 2004ರಿಂದ ‘ಹೋಮ್ ಅಂಡ್ ಅವೇ’ಯಲ್ಲಿ ಕಾಣಿಸಿಕೊಂಡರು. ವಾರಕ್ಕೆ ಐದು ಕಂತು ತುಂಬಿಸಬೇಕಾದ ಧಾರಾವಾಹಿಯಲ್ಲಿ ಎಳೆಯ ನಟರು ಬಹುಬೇಗ ಪಳಗುತ್ತಾರೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ತಾವು ಸರಿಯಾದ ಬೀದಿಯಲ್ಲಿ ನಿಂತು ಆ ಬೀದಿ ಬಿಟ್ಟು ಹೋದವರ ಹೆಸರನ್ನಷ್ಟೇ ಹೇಳಿ ಕಾರು ತಿರುಗಿಸಿದಿರಿ ಎಂಬುದು ನನ್ನ ಬೇಸರ.

ಅದೇ ಬೀದಿಗೆ 1994ರಲ್ಲಿ ಕಾರ್ಲ್ ಮತ್ತು ಸೂಸನ್ ಕೆನಡಿ ಎಂಬ ದಂಪತಿ ಬಂದರು. ಆ ಪಾತ್ರಗಳನ್ನು ವಹಿಸಿದ ಅಲನ್ ಫ್ಲೆಚರ್ ಮತ್ತು ಜ್ಯಾಕಿ ವುಡ್‌ಬರ್ನ್ ದಶಕಗಳ ಕಾಲ ಆ ಮನೆಯ ಬಾಗಿಲು ತೆಗೆದು ಹಾಕಿ ಮಾಡಿದರು. 2002ರ ಒಂದು ಕಂತಿನಲ್ಲಿ ಸೂಸನ್ ಚೆಲ್ಲಿದ ಹಾಲಿನ ಮೇಲೆ ಕಾಲು ಜಾರಿ ಬಿದ್ದು ನೆನಪು ಕಳೆದುಕೊಳ್ಳುತ್ತಾಳೆ. ಎದ್ದಾಗ ತಾನಿನ್ನೂ ಹದಿನಾರರ ಹುಡುಗಿ ಎಂದು ನಂಬಿರುತ್ತಾಳೆ. ಕತೆಯನ್ನು ಹೀಗೆ ಹೇಳಿದರೆ ನಗು ಬರುವುದು ಸಹಜ. ಆದರೆ ಗಂಡ ಅಪರಿಚಿತನಾಗಿ, ಬೆಳೆದ ಮಕ್ಕಳು ಯಾರದೋ ಮಕ್ಕಳಾಗಿ ಕಾಣುವ ಆ ಗಲಿಬಿಲಿಯನ್ನು ನಡುವಯಸ್ಸಿನ ಮುಖದ ಮೇಲೆ ತಂದು, ಅದನ್ನು ದಿನದಿನವೂ ಕಂತಿನಿಂದ ಕಂತಿಗೆ ಹಿಡಿದು ನಿಲ್ಲಿಸುವುದು ಯಾವ ಏಣಿಯ ಮೆಟ್ಟಿಲೂ ಅಲ್ಲ, ಅದು ಪೂರ್ಣ ಪ್ರಮಾಣದ ನಟನೆ.

‘ಹೋಮ್ ಅಂಡ್ ಅವೇ’ಯ ರೇ ಮೀಗರ್ ಅವರನ್ನೂ ನೋಡಿ. 1988ರ ಜನವರಿಯಲ್ಲಿ ಪ್ರಸಾರವಾದ ಮೊದಲ ಕಂತಿನಿಂದಲೂ ಅವರೇ ಆಲ್ಫ್ ಸ್ಟೂವರ್ಟ್. ಸಿಟ್ಟು ಬಂದಾಗ ಆಲ್ಫ್ ಎದುರಿನವರನ್ನು ‘ಗಲಾ’ ಎಂದು ಬೈಯುತ್ತಾನೆ. ಗಲಾ ಎಂದರೆ ಆ ನೆಲದ ಗುಲಾಬಿ ಎದೆಯ, ಬೂದು ರೆಕ್ಕೆಯ, ಗದ್ದಲದ ಗಿಳಿ. ಒಂದು ದೇಶದ ಮರದ ಮೇಲೆ ಕೂತ ಹಕ್ಕಿ ಅದರ ಬೈಗುಳದಲ್ಲೂ ಕೂರಬೇಕಾದರೆ ಅಲ್ಲಿಯ ಮಾತು ಅಲ್ಲಿಯೇ ಬರೆಯಲ್ಪಡಬೇಕು, ಅಲ್ಲಿಯವರ ಬಾಯಲ್ಲಿಯೇ ಬರಬೇಕು. 2010ರಲ್ಲಿ ಮೀಗರ್ ಅವರಿಗೆ ಆಸ್ಟ್ರೇಲಿಯಾದ ಕಿರುತೆರೆಯ ಅತಿ ದೊಡ್ಡ ಪ್ರಶಸ್ತಿಯಾದ ಗೋಲ್ಡ್ ಲೋಗಿ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಸಾಲೂ ಬಂದ ನೆನಪು ನನಗಿಲ್ಲ. ಹೀತ್ ಲೆಜರ್ 2008ರಲ್ಲಿ ತೀರಿಕೊಂಡಾಗ ನಾನೇ ಬರೆದ ಟಿಪ್ಪಣಿಯಲ್ಲಿ ಅವರ ಧಾರಾವಾಹಿಯ ದಿನಗಳ ಪ್ರಸ್ತಾಪವೇ ಇರಲಿಲ್ಲ. ಅದಕ್ಕಾಗಿ ಇಂದಿಗೂ ವ್ಯಥೆಪಡುತ್ತೇನೆ.

ಈ ಸ್ವಂತ ಮಾತು ಆಸ್ಟ್ರೇಲಿಯಾದವರಿಗೆ ಪುಕ್ಕಟೆಯಾಗಿ ದಕ್ಕಿದ್ದಲ್ಲ. ಅಲ್ಲಿ ಟೆಲಿವಿಷನ್ ಬಂದದ್ದು 1956ರಲ್ಲಿ. ಮೊದಲ ವರ್ಷಗಳಲ್ಲಿ ತೆರೆಯ ತುಂಬ ಅಮೆರಿಕದ ಸರಣಿಗಳೇ ಇದ್ದವು, ಏಕೆಂದರೆ ಹೊರಗಿನಿಂದ ಕೊಂಡು ತರುವುದು ಸ್ವತಃ ತಯಾರಿಸುವುದಕ್ಕಿಂತ ಬಹಳ ಅಗ್ಗವಾಗಿತ್ತು. 1964ರಲ್ಲಿ ಕ್ರಾಫರ್ಡ್ ಸಂಸ್ಥೆ ‘ಹೋಮಿಸೈಡ್’ ಎಂಬ ಪತ್ತೇದಾರಿ ಸರಣಿಯನ್ನು ಮೆಲ್ಬರ್ನಿನ ಬೀದಿಗಳಿಗೆ ಒಯ್ದಾಗ, ತಮ್ಮ ಊರೂ ತಮ್ಮ ಉಚ್ಚಾರಣೆಯೂ ತೆರೆಯ ಮೇಲೆ ಇರಬಹುದು ಎಂಬುದು ಜನರಿಗೆ ವಾರವಾರವೂ ಕಾಣತೊಡಗಿತು. ಅದು 1977ರವರೆಗೆ ನಡೆಯಿತು. ಇಂದು ತಾವು ಏಣಿ ಎಂದು ಕರೆಯುವ ವಸ್ತುವಿನ ಕೆಳಗೆ ಇಂಥದೊಂದು ನೆಲಗಟ್ಟಿದೆ.

ಈಗ ನನಗೆ ಅತ್ಯಂತ ಪ್ರಿಯರಾದ ಇಬ್ಬರ ವಿಷಯ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಮೂಲನಿವಾಸಿ ನಟ ಆರನ್ ಪೆಡರ್ಸನ್ ‘ವೈಲ್ಡ್‌ಸೈಡ್’ನಲ್ಲಿ ನಟಿಸಿ, ‘ಸಿಟಿ ಹೋಮಿಸೈಡ್’ನಲ್ಲಿ ವರ್ಷಗಟ್ಟಲೆ ಪೊಲೀಸ್ ಪಾತ್ರ ಮಾಡಿದವರು. ಆಮೇಲೆ ಎರಡು ಚಲನಚಿತ್ರಗಳಲ್ಲಿಯೂ, 2018ರಿಂದ ‘ಮಿಸ್ಟರಿ ರೋಡ್’ ಸರಣಿಯಲ್ಲಿಯೂ ಪತ್ತೇದಾರ ಜೇ ಸ್ವಾನ್ ಆದರು. ರೇಚಲ್ ಪರ್ಕಿನ್ಸ್ ನಿರ್ದೇಶಿಸಿದ ಮೊದಲ ಸರಣಿ ವಾಯವ್ಯದ ಕಿಂಬರ್ಲಿ ಪ್ರದೇಶದಲ್ಲಿ ಚಿತ್ರಿತವಾಗಿದೆ. ಕೆಂಪು ಮಣ್ಣು, ಬಿಳಿ ಟೋಪಿ, ಎದುರಿಗೆ ಜೂಡಿ ಡೇವಿಸ್ ಅವರಂಥ ಘಟಾನುಘಟಿ. ಪೆಡರ್ಸನ್ ಮಾತ್ರ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತಾರೆ. ಕಂಪನಿ ನಾಟಕಗಳಲ್ಲಿ ಮೂವತ್ತು ವರ್ಷ ಬಣ್ಣ ಹಚ್ಚಿದ ಹಿರಿಯ ಕಲಾವಿದೆಯೊಬ್ಬರು ನಮ್ಮ ಮನೆಯಲ್ಲಿ ಇದನ್ನು ನೋಡುತ್ತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಅರ್ಧ ಗಂಟೆ ಸುಮ್ಮನಿದ್ದವರು, “ಇವನಿಗೆ ಕಾಯೋದಕ್ಕೆ ಬರುತ್ತೆ ಕಣಪ್ಪಾ” ಎಂದರು. ಆ ನಟನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಹತ್ತಿರ ಹೋಗಿಲ್ಲ.

ಇನ್ನೊಬ್ಬರು ಡೆಬೊರಾ ಮೈಲ್‌ಮನ್. 2001ರಲ್ಲಿ ಆರಂಭವಾದ ‘ದ ಸೀಕ್ರೆಟ್ ಲೈಫ್ ಆಫ್ ಅಸ್’ನಲ್ಲಿ ಅವರ ಕೆಲ್ಲಿ ಬಾಡಿಗೆಮನೆ, ಪ್ರೇಮ, ಕೆಲಸಗಳ ನಡುವೆ ಒದ್ದಾಡುವ ಸಾಮಾನ್ಯ ಯುವತಿ. ಮೂಲನಿವಾಸಿ ನಟಿಯೊಬ್ಬರಿಗೆ ಸಾಮಾನ್ಯಳಾಗಿರುವ ಪಾತ್ರ ಸಿಕ್ಕಿತೆಂಬುದೇ ಅದರ ವಿಶೇಷ. 2019ರ ‘ಟೋಟಲ್ ಕಂಟ್ರೋಲ್’ನಲ್ಲಿ ಅವರೇ ಪ್ರಧಾನಿಯನ್ನು ಎದುರು ಹಾಕಿಕೊಳ್ಳುವ ಸೆನೆಟರ್. ಇವರ ಬಗ್ಗೆ ಮಾತನಾಡುವಾಗ ‘ಹಾಲಿವುಡ್‌ಗೆ ಹೋದರೇ?’ ಎಂದು ಕೇಳುವುದು, ದುಡಿದು ಊರು ನಿಲ್ಲಿಸಿದ ಮಗಳನ್ನು ‘ಫಾರಿನ್‌ಗೆ ಯಾವಾಗ ಹೊರಟೆ?’ ಎಂದು ಕೇಳಿದಂತೆ.

ಹೋಗಿ ಮರಳಿದವರೂ ಇದ್ದಾರೆ. ‘ನೇಬರ್ಸ್’ನಿಂದ ಹೊರಟ ಗೈ ಪಿಯರ್ಸ್ ‘ಜ್ಯಾಕ್ ಐರಿಷ್’ ಸರಣಿಗಾಗಿ ಮೆಲ್ಬರ್ನಿಗೆ ಬಂದರು, ಕೇಟ್ ಬ್ಲಾಂಚೆಟ್ 2020ರಲ್ಲಿ ವಲಸಿಗರ ಬಂಧನ ಕೇಂದ್ರದ ಕುರಿತ ‘ಸ್ಟೇಟ್‌ಲೆಸ್’ ಸರಣಿಯ ಹಿಂದೆ ನಿಂತರು. ನಮ್ಮ ಸಿನಿಮಾ ಪುಟಗಳು ಇಂಥವರ ಹೋಗುವಿಕೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ, ಬರುವಿಕೆಯನ್ನು ಗಮನಿಸುವುದೇ ಇಲ್ಲ. ಕಿರುತೆರೆಯೆಂದರೆ ಎಲ್ಲ ಕಡೆಯೂ ಇದೇ ತಾತ್ಸಾರ. 1972ರಲ್ಲೇ ಸಲಿಂಗಿ ವಕೀಲನೊಬ್ಬನನ್ನು ಎಲ್ಲರಂತೆ ಬದುಕುವ ನೆರೆಯವನಾಗಿ ತೋರಿಸಿದ ‘ನಂಬರ್ 96’ ಧಾರಾವಾಹಿಯ ಕಪ್ಪುಬಿಳುಪು ಕಂತುಗಳಲ್ಲಿ ಬಹುಪಾಲು ಇಂದು ಇಲ್ಲ, ಟೇಪುಗಳನ್ನು ಅಳಿಸಲಾಯಿತು. ಆ ಕಂತುಗಳಲ್ಲಿ ದಿನವಿಡೀ ದುಡಿದ ನಟರ ನಟನೆಯೇ ಅಳಿದುಹೋಯಿತು, ಅದನ್ನು ಮತ್ತೆ ತರಲು ಯಾರಿಂದಲೂ ಆಗದು.

ತಮ್ಮ ಮಗಳು ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದಾಳೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೂಲನಿವಾಸಿಗಳೇ ಬರೆದು, ನಿರ್ದೇಶಿಸಿ, ನಟಿಸಿದ 2012ರ ‘ರೆಡ್‌ಫರ್ನ್ ನೌ’ ಸರಣಿಯಲ್ಲಿ ‘ಸ್ಟ್ಯಾಂಡ್ ಅಪ್’ ಎಂಬ ಕಂತಿದೆ: ವಿದ್ಯಾರ್ಥಿವೇತನದ ಮೇಲೆ ಶ್ರೀಮಂತರ ಶಾಲೆಗೆ ಸೇರಿದ ಹುಡುಗ ರಾಷ್ಟ್ರಗೀತೆಗೆ ಎದ್ದು ನಿಲ್ಲುವುದಿಲ್ಲ. ಒಂದು ಸಂಜೆ ಮಗಳೊಡನೆ ಕೂತು ನೋಡಿ. ಆಕೆ ಏನೆಂದಳು ಎಂಬುದನ್ನು ಬರೆದು ಕಳಿಸಿ; ಒಂದು ಪದವನ್ನೂ ಕತ್ತರಿಸದೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.