ಮುಂದೆ ಕೊರಗಬಾರದೆಂದರೆ ದಿನವೂ ಎಂತಹ ಅರ್ಥಪೂರ್ಣ ಕೆಲಸ ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೊಡನೆ ನನ್ನ ಬೀರುವಿನಲ್ಲಿರುವ ಮುನ್ನೂರು ಪುಟಗಳ ನೋಟ್‌ಬುಕ್ ನೆನಪಾಯಿತು. ನಾಲ್ಕು ವರ್ಷ ಅದರಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ.

ನಾನು ದಾವಣಗೆರೆಯಲ್ಲಿ ನೌಕರಿ ಮಾಡುತ್ತೇನೆ. ಅಪ್ಪ ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಂಬಳಿ ನೇಯುತ್ತಿದ್ದರು. ಕುರಿಯ ಉಣ್ಣೆ, ಗುಂಡಿ ಮಗ್ಗ, ಮಗ್ಗದ ಉದ್ದಕ್ಕೆ ಹಾಸುವ ನೂಲಿಗೆ ಬಳಿಯಲು ಹುಣಸೆ ಬೀಜದ ಗಂಜಿ. ಗಂಜಿ ತೆಳುವಾದರೆ ಎಳೆ ಕಡಿಯುತ್ತದೆ, ಗಟ್ಟಿಯಾದರೆ ಒಂದಕ್ಕೊಂದು ಅಂಟುತ್ತದೆ. ಹದ ಗೊತ್ತಿದ್ದದ್ದು ಅಪ್ಪನ ಬೆರಳಿಗೆ. ಅದನ್ನೆಲ್ಲ ಬರೆದಿಡಲೆಂದೇ ಆ ನೋಟ್‌ಬುಕ್ ಕೊಂಡಿದ್ದೆ.

ಒಂದು ತಿಂಗಳು ರಜೆ ಹಾಕಿ, ಮಗ್ಗದ ಪಕ್ಕ ಕುಳಿತು, ಮೊದಲಿನಿಂದ ಕೊನೆಯವರೆಗೆ ಬರೆಯುತ್ತೇನೆ ಎಂದು ಕಾದದ್ದೇ ನನ್ನ ತಪ್ಪು. ಸಮಯವಿರಲಿಲ್ಲ ಎಂದುಕೊಳ್ಳಬೇಡಿ. ದಿನವೂ ರಾತ್ರಿ ಎಂಟಕ್ಕೆ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ, ಮಳೆ ಬಂತೇ ಎಂದು ಹತ್ತು ನಿಮಿಷ ಮಾತು. ಹನ್ನೊಂದನೆಯ ನಿಮಿಷದಲ್ಲಿ "ಅಪ್ಪಾ, ಬೀಜ ಎಷ್ಟು ಹೊತ್ತು ನೆನೆಯಬೇಕು?" ಎಂದು ಕೇಳಿದ್ದರೆ ಸಾಕಿತ್ತು. ಫೋನಿನಲ್ಲಿ ಕೇಳುವ ವಿಷಯವೇ ಇದು? ಎದುರು ಕೂತು ಕೇಳಬೇಕು ಎನ್ನಿಸುತ್ತಿತ್ತು. ಎದುರು ಕೂತಾಗಲೂ ಕೇಳಲಿಲ್ಲ. 2022ರಲ್ಲಿ ಮಾರಿಕಣಿವೆ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದಾಗ ರಜೆ ಹಾಕಿ ಅಪ್ಪನನ್ನು ಕರೆದೊಯ್ದೆ. ಹೋಗಿ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ನೋಟ್‌ಬುಕ್ ಮನೆಯಲ್ಲಿದೆ ಎಂಬ ಕಾರಣಕ್ಕೆ ಆ ದಿನವನ್ನೂ ಬಿಟ್ಟೆ.

ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ಆದ್ದರಿಂದ ಅರ್ಥಪೂರ್ಣ ಕೆಲಸ ಯಾವುದೆಂದು ಹುಡುಕುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮದು ಯಾವುದೆಂದು ನಿಮಗೆ ಈಗಾಗಲೇ ಗೊತ್ತಿದೆ, ಅದಕ್ಕೊಂದು ಒಳ್ಳೆಯ ದಿನ ಬರಲೆಂದು ಕಾಯುತ್ತಿದ್ದೀರಿ, ಅಷ್ಟೇ. ಬೆಳಿಗ್ಗೆ ಐದಕ್ಕೆ ಏಳುವುದು, ಗುರಿಗಳ ಪಟ್ಟಿ ಮಾಡುವುದು ಎಲ್ಲ ಆಮೇಲೆ. ಇವತ್ತು ರಾತ್ರಿ ಅದರ ಒಂದು ತುಣುಕು ಮಾಡಿ, ಅರೆಬರೆಯಾದರೂ ಸರಿ.

ಅಪ್ಪ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿದ್ದನ್ನು ದಿನವೂ ಒಂದು ಲೋಟದಷ್ಟು ಕುದಿಸಿ, ಆರಿಸಿ, ಅವರ ಎಡಗೈಗೆ ಹಿಡಿಯುತ್ತೇನೆ. ಬೆರಳದ್ದಿ ಉಜ್ಜಿ ನೋಡಿ, ಇದಲ್ಲ ಎಂಬಂತೆ ತಲೆಯಲ್ಲಾಡಿಸುತ್ತಾರೆ. ಎಷ್ಟು ಬೀಜ, ಎಷ್ಟು ನೀರು ಎಂದು ಬರೆದುಕೊಳ್ಳುತ್ತೇನೆ. ನಲವತ್ತೊಂದು ಪುಟಗಳಾಗಿವೆ. ನಿನ್ನೆ ಅವರು ಬೆರಳನ್ನು ಕೂಡಲೇ ತೆಗೆಯಲಿಲ್ಲ.