ಮೂತಿಗೆ ಒಂದು ಚಿಟಿಕೆ ಭಾರ: ಮಾದರಿ ವಿಮಾನ ಹಾರಿಸುವವರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ರಿಮೋಟ್‌ನಿಂದ ಹಾರುವ ವಿಮಾನ ಬೇಕೆಂದು ಎರಡು ತಿಂಗಳಿನಿಂದ ಹಟ ಹಿಡಿದಿದ್ದಾನೆ. ವಿಚಾರಿಸಿದರೆ ಎಲ್ಲ ಸೇರಿ 15 ಸಾವಿರ ರೂಪಾಯಿಯವರೆಗೆ ಆಗಬಹುದು ಎನ್ನುತ್ತಾರೆ. ಇಷ್ಟು ಹಣ ಕೊಟ್ಟು ತಂದದ್ದು ಮೊದಲ ದಿನವೇ ಮುರಿದರೆ ಏನು ಗತಿ ಎಂಬ ಚಿಂತೆ ನನ್ನದು. ಕೊಡಿಸಬೇಕೇ, ಬೇಡವೇ? — ದಾವಣಗೆರೆಯ ಓದುಗರು

ಮೊದಲ ದಿನವೇ ಮುರಿಯುತ್ತದೆ ಎಂದುಕೊಂಡೇ ಹೊರಡುವುದು ಒಳ್ಳೆಯದು. ಯಾರ ನೆರವೂ ಇಲ್ಲದೆ ಮೊದಲ ಬಾರಿಗೆ ವಿಮಾನ ಹಾರಿಸಿದವರಲ್ಲಿ ಅದನ್ನು ಇಡಿಯಾಗಿ ಮನೆಗೆ ತಂದವರನ್ನು ನಾನು ಕಂಡದ್ದು ಕಡಿಮೆ. ಆದರೂ ನಿಮ್ಮ ಮಗನಿಗೆ ಬೇಡ ಎನ್ನಬೇಡಿ. ಅದಕ್ಕೆ ಮೊದಲು ಎಂಜಿನ್ನೂ ರಿಮೋಟೂ ಇಲ್ಲದ, ಕೈಯಿಂದ ಹಾರಿಬಿಡುವ ಒಂದು ಗ್ಲೈಡರನ್ನು ಅವನೇ ಮಾಡಲಿ ಎಂಬುದಷ್ಟೇ ನನ್ನ ಷರತ್ತು. ಹಣ ಉಳಿಸುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ರಿಮೋಟ್ ವಿಮಾನ ನೆಲಕ್ಕೆ ಬಿದ್ದಾಗ ತಪ್ಪು ತನ್ನ ಬೆರಳಿನದೋ, ಗಾಳಿಯದೋ ಅಥವಾ ವಿಮಾನದ ತೂಕ ಹಂಚಿಕೆಯದೋ ಎಂಬುದು ಹೊಸಬನಿಗೆ ತಿಳಿಯುವುದೇ ಇಲ್ಲ. ಗ್ಲೈಡರಿನಲ್ಲಿಯಾದರೋ ಬೆರಳಿನ ಪಾತ್ರವೇ ಇಲ್ಲದಿರುವುದರಿಂದ, ಅದು ಹಾರದಿದ್ದರೆ ಹುಡುಕಬೇಕಾದ ಕಾರಣ ಹೆಚ್ಚುಕಡಿಮೆ ಒಂದೇ ಉಳಿಯುತ್ತದೆ, ಅದು ತೂಕದ ಸಮತೋಲ.

ಬೇಕಾಗುವ ಸಾಮಾನು ಸ್ವಲ್ಪವೇ. 5 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆಯಿಂದ 40 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ರೆಕ್ಕೆಯನ್ನೂ 14 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಬಾಲವನ್ನೂ ಬಾಲದ ಮೇಲೆ ನೆಟ್ಟಗೆ ನಿಲ್ಲುವ ಅಂಗೈಗಿಂತ ಚಿಕ್ಕದಾದ ಒಂದು ತುಂಡನ್ನೂ ಕತ್ತರಿಸಿಕೊಳ್ಳಲಿ. ಒಡಲಿಗೆ 36 ಸೆಂಟಿಮೀಟರ್ ಉದ್ದದ ಬಿದಿರಿನ ಸೀಳು ಸಾಕು. ರೆಕ್ಕೆಯನ್ನು ನಡುವೆ ಕತ್ತರಿಸಿ, ಎರಡೂ ತುದಿಗಳು ನಡುಭಾಗಕ್ಕಿಂತ ಸುಮಾರು 3 ಸೆಂಟಿಮೀಟರ್ ಮೇಲಿರುವಂತೆ ಮತ್ತೆ ಅಂಟಿಸಬೇಕು. ಈ ಏರಿಕೆ ಇರುವುದರಿಂದಲೇ ಗ್ಲೈಡರ್ ಒಂದು ಪಕ್ಕಕ್ಕೆ ವಾಲಿದರೂ ಯಾರೂ ಮುಟ್ಟದೆ ತಾನಾಗಿ ಸರಿಹೋಗುತ್ತದೆ. ಮೂತಿಯಿಂದ 9 ಸೆಂಟಿಮೀಟರ್ ಹಿಂದೆ ರೆಕ್ಕೆಯ ಮುಂಬದಿಯ ಅಂಚು ಬರಲಿ, ಬಾಲವಂತೂ ಕಡ್ಡಿಯ ಕೊನೆಯಲ್ಲೇ ಇರಲಿ. ಅಂಟಿಸಲು ಮರಗೆಲಸದ ಬಿಳಿ ಗೋಂದನ್ನೇ ಬಳಸಬೇಕು, ಅದು ಒಣಗಲು ರಾತ್ರಿಯಿಡೀ ಹಿಡಿದರೂ ಚಿಂತೆಯಿಲ್ಲ. ಕ್ಷಣದಲ್ಲಿ ಹಿಡಿಯುವ ಗೋಂದನ್ನು ಹಾಕಿದರೆ ಥರ್ಮಾಕೋಲ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಅವಸರದ ಹುಡುಗರೆಲ್ಲರೂ ಒಮ್ಮೆ ಮಾಡಿ ನೋಡುವ ತಪ್ಪು ಇದು.

ಇನ್ನು ಮುಖ್ಯವಾದ ಕೆಲಸ. ರೆಕ್ಕೆಯ ಕೆಳಗೆ, ಮುಂಬದಿಯ ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಹಿಂದೆ, ಎರಡೂ ಪಕ್ಕಗಳಲ್ಲಿ ಬೆರಳ ತುದಿಯನ್ನಿಟ್ಟು ಗ್ಲೈಡರನ್ನು ಎತ್ತಿ ನೋಡಿ. ಹೊಸದಾಗಿ ಮಾಡಿದ್ದು ಖಂಡಿತವಾಗಿ ಹಿಂದಕ್ಕೆ ವಾಲುತ್ತದೆ. ಅದು ಬೆರಳ ಮೇಲೆ ಮಟ್ಟವಾಗಿ ನಿಲ್ಲುವವರೆಗೆ ಮೂತಿಗೆ ಚಿಟಿಕೆ ಚಿಟಿಕೆಯಾಗಿ ಭಾರ ಮೆತ್ತುತ್ತಾ ಹೋಗಬೇಕು. ಹಸಿ ಜೇಡಿಮಣ್ಣನ್ನು ಮಾತ್ರ ಮೆತ್ತಬೇಡಿ. ಚಿಕ್ಕಂದಿನಲ್ಲಿ ನಾನು ಹಾಗೆ ಮಾಡಿ, ಸಂಜೆ ಸೊಗಸಾಗಿ ತೇಲಿದ ಗ್ಲೈಡರ್ ಮರುದಿನ ಬೆಳಿಗ್ಗೆ ಬಾಲ ಬಡಿದುಕೊಂಡು ಬೀಳುವುದನ್ನು ಕಂಡು ಕಂಗಾಲಾಗಿದ್ದೆ. ಮಣ್ಣಿನ ನೀರು ರಾತ್ರಿಯಲ್ಲಿ ಆರಿ ಮೂತಿ ಹಗುರವಾಗಿತ್ತು ಎಂಬುದು ಹೊಳೆಯಲು ಎರಡು ದಿನ ಹಿಡಿಯಿತು. ಮಕ್ಕಳ ಆಟದ ಎಣ್ಣೆಜೇಡಿ ಆರುವುದಿಲ್ಲ, ಅದೇ ಸರಿ.

ಹುಲ್ಲಿರುವ ಜಾಗದಲ್ಲಿ, ಗಾಳಿಗೆ ಎದುರಾಗಿ ನಿಂತು, ಹೆಗಲ ಮಟ್ಟದಿಂದ, ಮೂತಿ ತುಸು ಕೆಳಮುಖವಾಗಿರುವಂತೆ ಮೆಲ್ಲಗೆ ಮುಂದಕ್ಕೆ ನೂಕಿ ಬಿಟ್ಟುಬಿಡಬೇಕು. ಕ್ರಿಕೆಟ್ ಚೆಂಡಿನಂತೆ ಎಸೆದರೆ ಯಾವ ಗ್ಲೈಡರಿನ ನಿಜಗುಣವೂ ತಿಳಿಯುವುದಿಲ್ಲ. ಅದು ಮೂತಿ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಮುಗ್ಗರಿಸಿ, ಮತ್ತೆ ಮೂತಿ ಎತ್ತುತ್ತಾ ಅಲೆಯಂತೆ ಹೋದರೆ ಮೂತಿಗೆ ಇನ್ನಷ್ಟು ಭಾರ ಬೇಕು. ನೇರವಾಗಿ ನೆಲಕ್ಕೆ ಇಳಿದರೆ, ಬಾಲದ ಹಿಂಬದಿಯ ಅಂಚಿಗೆ ಪೋಸ್ಟ್‌ಕಾರ್ಡಿನ ಸಣ್ಣ ಪಟ್ಟಿಯೊಂದನ್ನು ಅಂಟಿಸಿ ಅದನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಬಾಗಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಾವಣೆಗೊಮ್ಮೆ ಎರಡು ಎಸೆತ. ಈ ಶಿಸ್ತು ತಪ್ಪಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಹೆಗಲ ಎತ್ತರದಿಂದ ಬಿಟ್ಟದ್ದು 8–10 ಮೀಟರ್ ಸಮನಾಗಿ ತೇಲಿ ಹೊಟ್ಟೆಯ ಮೇಲೆ ಇಳಿದರೆ ಕೆಲಸ ಆಯಿತೆಂದೇ ಲೆಕ್ಕ. ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, ಇದಕ್ಕಲ್ಲ. ನಿಮ್ಮ ಕಡೆ ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ 6ರಿಂದ 8ರ ಒಳಗೆ, ಎಲೆ ಅಲುಗದ ಹೊತ್ತನ್ನು ಆರಿಸಿಕೊಳ್ಳಿ.

ಹುಡುಗ ಸತತವಾಗಿ ಹತ್ತು ಎಸೆತಗಳನ್ನು ಒಂದೇ ಬಗೆಯಾಗಿ ಇಳಿಸಿದ ಮೇಲೆ ರಿಮೋಟ್ ವಿಮಾನ ಕೊಡಿಸಲು ಅಡ್ಡಿಯಿಲ್ಲ. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರುವ, ಫೋಮಿನಿಂದ ಮಾಡಿದ, ನಿಧಾನವಾಗಿ ಹಾರುವ ಟ್ರೈನರ್ ಇರಲಿ. ಫ್ಯಾನು ಹಿಂದಕ್ಕೆ ಮುಖ ಮಾಡಿದ್ದರೆ ಮೂತಿ ನೆಲಕ್ಕೆ ಬಡಿದಾಗ ಅದು ಉಳಿಯುತ್ತದೆ. ಯುದ್ಧವಿಮಾನದ ಆಕಾರದ್ದನ್ನು ಅವನು ಕೇಳಿಯೇ ಕೇಳುತ್ತಾನೆ, ಒಪ್ಪಬೇಡಿ. ಮೈದಾನಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ಹತ್ತು ಗಂಟೆಯಾದರೂ ಅಭ್ಯಾಸ ಮಾಡಿಸಿ. ಅಲ್ಲಿ ಅವನು ಎಡವುವುದು ಒಂದೇ ಕಡೆ: ವಿಮಾನ ಎದುರಿನಿಂದ ತನ್ನತ್ತ ಬರುವಾಗ ಎಡಬಲ ಅದಲುಬದಲಾದಂತೆ ಕಾಣುತ್ತದೆ. ಇದಕ್ಕೆ ಒಂದು ಉಪಾಯವಿದೆ. ಬಾಗಿದ ಬಾಳೆಗೊನೆಗೆ ಊರುಗೋಲು ಕೊಡುವಂತೆ, ತನ್ನ ಕಣ್ಣಿಗೆ ಯಾವ ಪಕ್ಕದ ರೆಕ್ಕೆ ತಗ್ಗಿ ಕಾಣುತ್ತದೆಯೋ ಆ ಪಕ್ಕಕ್ಕೇ ರಿಮೋಟಿನ ಸ್ಟಿಕ್ಕನ್ನು ತಳ್ಳಬೇಕು, ಆಗ ತಗ್ಗಿದ ರೆಕ್ಕೆ ಮೇಲೇಳುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಸನ್‌ಪ್ಯಾಕ್ ಶೀಟಿನಿಂದ (ಜಾಹೀರಾತು ಫಲಕಗಳಿಗೆ ಬಳಸುವ ಪ್ಲಾಸ್ಟಿಕ್ ಹಾಳೆ) ನಾನೇ ಮಾಡಿದ ವಿಮಾನ ಕೈಬಿಟ್ಟ ಕೂಡಲೇ ಮೂತಿ ಎತ್ತಿ ನಿಂತು ಬೀಳುತ್ತದೆ. ಶಕ್ತಿ ಸಾಲದೆಂದು ದೊಡ್ಡ ಮೋಟಾರ್ ಹಾಕಿದೆ, ಇನ್ನೂ ಬೇಗ ಬೀಳುತ್ತಿದೆ. — ಮೈಸೂರಿನ ಓದುಗರು

ಮೋಟಾರಿನ ತಪ್ಪು ಇದರಲ್ಲಿ ಇಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಗ್ಲೈಡರಿನ ಕಾಯಿಲೆಯೇ ನಿಮ್ಮ ವಿಮಾನದ್ದೂ, ಬಾಲ ಭಾರವಾಗಿದೆ. ಮೂತಿ ಮಿತಿಮೀರಿ ಎದ್ದಾಗ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಅದನ್ನು ಬಿಟ್ಟುಕೊಡುತ್ತದೆ, ರೆಕ್ಕೆ ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಇದನ್ನೇ ಸ್ಟಾಲ್ ಎನ್ನುವುದು. ದೊಡ್ಡ ಮೋಟಾರ್ ಆ ಕೋನಕ್ಕೆ ವಿಮಾನವನ್ನು ಇನ್ನಷ್ಟು ಬೇಗ ಕೊಂಡೊಯ್ದಿದೆ, ಅಷ್ಟೇ.

ನಿಮ್ಮದು ಉದ್ದಕ್ಕೂ ಒಂದೇ ಅಗಲದ ರೆಕ್ಕೆಯಾದರೆ, ಬ್ಯಾಟರಿಯನ್ನೂ ಸೇರಿಸಿ ತೂಗಿದಾಗ ಸಮತೋಲದ ಬಿಂದು ಮುಂಬದಿಯ ಅಂಚಿನಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬರಬೇಕು. ರೆಕ್ಕೆಯ ಅಗಲ 20 ಸೆಂಟಿಮೀಟರ್ ಇದ್ದರೆ 5ರಿಂದ ಆರೂವರೆ ಸೆಂಟಿಮೀಟರ್. ಮೊದಲ ಹಾರಾಟಕ್ಕೆ 5ರ ಹತ್ತಿರವೇ ಇಟ್ಟುಕೊಳ್ಳಿ. ಸೀಸದ ತುಂಡು ಸೇರಿಸುವುದಕ್ಕೆ ಮೊದಲು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ ನೋಡಿ, ಏಕೆಂದರೆ ಸೇರಿಸಿದ ಪ್ರತಿ ಗ್ರಾಮನ್ನೂ ರೆಕ್ಕೆಯೇ ಹೊರಬೇಕು. ಸನ್‌ಪ್ಯಾಕ್ ಶೀಟ್ ಗಟ್ಟಿಯೇನೋ ಹೌದು, ಆದರೆ ಥರ್ಮಾಕೋಲಿಗಿಂತ ಬಹಳ ಭಾರ. ನಿಮ್ಮ ಬಾಲವನ್ನೂ ಅದರಿಂದಲೇ ಮಾಡಿದ್ದರೆ ಅದನ್ನು ಫೋಮಿಗೆ ಬದಲಾಯಿಸುವುದೇ ಅರ್ಧ ಚಿಕಿತ್ಸೆ. ಮೂತಿಯಿಂದ ರೆಕ್ಕೆಗಿರುವ ದೂರಕ್ಕಿಂತ ರೆಕ್ಕೆಯಿಂದ ಬಾಲಕ್ಕಿರುವ ದೂರ ಹೆಚ್ಚಾದ್ದರಿಂದ, ಹಿಂದೆ ಇಳಿಸಿದ 10 ಗ್ರಾಮ್ ಮುಂದೆ ಸೇರಿಸಬೇಕಾದ 20 ಗ್ರಾಮನ್ನು ಉಳಿಸಬಲ್ಲದು.

ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ನೆಲದ ಮೇಲೆ ಸರಿಯಾಗಿ ತೂಗಿದ್ದ ನನ್ನದೊಂದು ವಿಮಾನ ಏರುತ್ತಿದ್ದಂತೆ ಬ್ಯಾಟರಿ ಒಳಗೇ ಹಿಂದಕ್ಕೆ ಜಾರಿ ಹೊಂಗೆ ಮರದಲ್ಲಿ ಸಿಕ್ಕಿಕೊಂಡಿತ್ತು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಯ ತಾರಸಿಯಿಂದ ಸಣ್ಣ ವಿಮಾನ ಹಾರಿಸಲು ಅನುಮತಿ ಬೇಕೇ? ಇದು ಡ್ರೋನ್ ಅಲ್ಲವಲ್ಲ? — ಬೆಂಗಳೂರಿನ ಓದುಗರು

ಕಾನೂನಿನ ಕಣ್ಣಿಗೆ ಇದೂ ಅದೇ ಜಾತಿಗೆ ಸೇರಿದ್ದು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಯಂತ್ರಗಳಿಗೆ ಮಾತ್ರವಲ್ಲ, ದೂರದಿಂದ ನಿಯಂತ್ರಿಸುವ ವಿಮಾನಗಳಿಗೂ ಅನ್ವಯಿಸುತ್ತವೆ. ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ, 25 ಕಿಲೋಗ್ರಾಮ್ ಮೀರದ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್, ಅಂದರೆ ಅದರ ವಿನ್ಯಾಸಕ್ಕೆ ಸರ್ಕಾರದ ಒಪ್ಪಿಗೆಯ ಪತ್ರ, ಬೇಕಿಲ್ಲ ಎಂಬ ವಿನಾಯಿತಿ ಅದರಲ್ಲಿದೆ; 250 ಗ್ರಾಮ್ ಒಳಗಿನದಕ್ಕೂ, ವಾಣಿಜ್ಯ ಉದ್ದೇಶವಿಲ್ಲದೆ ಹಾರಿಸುವ 2 ಕಿಲೋಗ್ರಾಮ್ ಒಳಗಿನದಕ್ಕೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಎಲ್ಲಿ ಹಾರಿಸುತ್ತೀರಿ ಎಂಬ ವಿಷಯದಲ್ಲಿ ಹವ್ಯಾಸಿಗೂ ರಿಯಾಯಿತಿ ಇಲ್ಲ.

ಡ್ರೋನ್‌ಗಳಿಗಾಗಿ ಸರ್ಕಾರ ನಡೆಸುವ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ವ್ಯವಸ್ಥೆಯ ನಕ್ಷೆಯಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ್ದಾರೆ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 60 ಮೀಟರಿಗೆ ಇಳಿಯುತ್ತದೆ, ಅದಕ್ಕಿಂತ ಹತ್ತಿರದಲ್ಲಿ ನೆಲದಿಂದಲೇ ಹಳದಿ ಅಥವಾ ಕೆಂಪು ವಲಯ, ಅಂದರೆ ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಬೆಂಗಳೂರಿನಲ್ಲಿ ದೇವನಹಳ್ಳಿಯ ನಿಲ್ದಾಣ ಒಂದೇ ಇಲ್ಲ. ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರು ಎಲ್ಲವೂ ಇವೆ, ಆದುದರಿಂದ ನಗರದ ಬಹುಭಾಗ ಈ ಕಟ್ಟುಪಾಡಿನೊಳಗೇ ಬರುತ್ತದೆ. ನೋಂದಣಿ ಮತ್ತು ವಲಯಗಳ ವಿವರ ತಿದ್ದುಪಡಿಯಾಗುತ್ತಿರುವುದರಿಂದ ಹಾರಿಸುವ ದಿನ ನಕ್ಷೆಯನ್ನು ನೋಡಿಯೇ ಹೊರಡಿ.

ತಾರಸಿಯನ್ನಂತೂ ಮರೆತುಬಿಡಿ. ಅನುಮತಿಯ ಮಾತು ಹಾಗಿರಲಿ, ತಂತಿ, ನೀರಿನ ಟ್ಯಾಂಕು ಮತ್ತು ಪಕ್ಕದ ಬೀದಿಯ ಜನರ ನಡುವೆ ವಿಮಾನ ಇಳಿಸಲು ಜಾಗವೆಲ್ಲಿದೆ?

ಪ್ರಶ್ನೆ: ಪರೀಕ್ಷೆಯ ಕಾರಣ ಮೂರು ತಿಂಗಳು ವಿಮಾನ ಮುಟ್ಟಿರಲಿಲ್ಲ. ಪೂರ್ತಿ ಚಾರ್ಜ್ ಮಾಡಿಟ್ಟಿದ್ದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಈಗ ಪೂರಿಯಂತೆ ಉಬ್ಬಿದೆ. ಒಮ್ಮೆ ಬಳಸಬಹುದೇ? — ಹುಬ್ಬಳ್ಳಿಯ ಓದುಗರು

ಬಳಸಬಾರದು, ಚಾರ್ಜಿಗೂ ಹಾಕಬಾರದು, ಚುಚ್ಚಿ ಗಾಳಿ ತೆಗೆಯುವ ಸಾಹಸವನ್ನಂತೂ ಖಂಡಿತ ಮಾಡಬಾರದು. ಒಳಗಿರುವುದು ಹೊತ್ತಿಕೊಳ್ಳುವ ವಸ್ತು. ಸುಡುವ ಸಾಮಾನುಗಳಿಂದ ದೂರ, ಮನೆಯ ಹೊರಗೆ ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಸಂಗತಿ ತಿಳಿಸಿ ಒಪ್ಪಿಸಿ. ಈ ಬ್ಯಾಟರಿಗಳ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಅದೇ ಸ್ಥಿತಿಯಲ್ಲಿ ವಾರಗಟ್ಟಲೆ, ಅದೂ ನಿಮ್ಮೂರಿನ ಬೇಸಿಗೆಯಲ್ಲಿ ಬಿಟ್ಟರೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಮುಂದೆ ಎರಡು ಮೂರು ದಿನಕ್ಕಿಂತ ಹೆಚ್ಚು ಹಾರಿಸುವುದಿಲ್ಲ ಎಂದಾದರೆ ಚಾರ್ಜರಿನ ಸ್ಟೋರೇಜ್ ಆಯ್ಕೆಯನ್ನು ಒತ್ತಿ ಸೆಲ್ಲಿಗೆ ಸುಮಾರು 3.8 ವೋಲ್ಟಿಗೆ ತಂದಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಕೈ ಸ್ವಲ್ಪ ನಡುಗುತ್ತದೆ, ದೂರದೃಷ್ಟಿಯೂ ಮಂದ. ಈ ಹವ್ಯಾಸದಲ್ಲಿ ನನ್ನಂಥವರಿಗೆ ಏನಾದರೂ ಇದೆಯೇ? — ಧಾರವಾಡದ ಓದುಗರು

ಇದೆ, ಅದೂ ಈ ಹವ್ಯಾಸದ ಅತ್ಯಂತ ಹಳೆಯ ಮತ್ತು ನನ್ನ ಮಟ್ಟಿಗೆ ಅತ್ಯಂತ ಸುಂದರವಾದ ಭಾಗ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣ, ಹುರಿಮಾಡಿದ ರಬ್ಬರಿನ ಬಲದಿಂದ ಫ್ಯಾನು ತಿರುಗುವ ಪುಟ್ಟ ವಿಮಾನವೊಂದನ್ನು ಪ್ಯಾರಿಸ್ಸಿನ ತೋಟದಲ್ಲಿ ಹಾರಿಸಿ ತೋರಿಸಿದ. ಅದು 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಸಾಗಿತ್ತು, ರೈಟ್ ಸಹೋದರರ ವಿಮಾನಕ್ಕಿಂತ 32 ವರ್ಷ ಮೊದಲು. ಅದೇ ರಬ್ಬರಿನ ವಿಮಾನಗಳನ್ನು ಇಂದಿಗೂ ಮುಚ್ಚಿದ ದೊಡ್ಡ ಸಭಾಂಗಣಗಳ ಒಳಗೆ ಹಾರಿಸುವವರಿದ್ದಾರೆ. ಸ್ಪರ್ಧೆಗಿಳಿಯುವ ಕೆಲವು ಮಾದರಿಗಳು ರಬ್ಬರನ್ನು ಬಿಟ್ಟರೆ 2 ಗ್ರಾಮ್ ಕೂಡ ತೂಗುವುದಿಲ್ಲ, ಆದರೂ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಸುತ್ತುತ್ತಿರುತ್ತವೆ. ಅವುಗಳ ಫ್ಯಾನು ಎಷ್ಟು ನಿಧಾನವಾಗಿ ತಿರುಗುತ್ತದೆಂದರೆ ಸುತ್ತುಗಳನ್ನು ಕಣ್ಣಿನಿಂದಲೇ ಎಣಿಸಬಹುದು.

ಇಲ್ಲಿ ಸ್ಟಿಕ್ಕು ಹಿಡಿಯುವ ಕೆಲಸವಿಲ್ಲ, ದೂರಕ್ಕೆ ದಿಟ್ಟಿಸುವ ಕೆಲಸವೂ ಇಲ್ಲ. ಕೈ ನಡುಗುವುದು ಕಟ್ಟುವಾಗ ತುಸು ತೊಡಕಾಗಬಹುದು. ಆದ್ದರಿಂದ ನಕ್ಷೆಯನ್ನು ಮೆತ್ತನೆಯ ಹಲಗೆಯ ಮೇಲೆ ಹರಡಿ, ಕಡ್ಡಿಗಳ ಎರಡೂ ಪಕ್ಕ ಗುಂಡುಸೂಜಿ ಚುಚ್ಚಿ ನಿಲ್ಲಿಸಿಕೊಂಡು ಅಂಟಿಸಿ, ಆಗ ಕೈಯ ಕೆಲಸವನ್ನು ಸೂಜಿಗಳೇ ಮಾಡುತ್ತವೆ. ಮೊದಲ ಮಾದರಿಗೆ ಬಿದಿರಿನ ತೆಳು ಸೀಳುಗಳೂ ತರಕಾರಿ ಕಟ್ಟುವಂಥ ತೆಳು ಪ್ಲಾಸ್ಟಿಕ್ ಹಾಳೆಯೂ ಸಾಕು. ಅಲ್ಲಿಯೂ ಅದೇ ಬೆರಳ ತುದಿಯ ಪರೀಕ್ಷೆ, ಮೂತಿಗೆ ಅದೇ ಚಿಟಿಕೆ ಭಾರ. ನಿಮ್ಮ ಹಳೆಯ ಶಾಲೆಯ ಸಭಾಂಗಣವನ್ನು ರಜೆಯ ದಿನ ಒಂದು ಗಂಟೆ ಕೇಳಿ ಪಡೆದು, ಕಿಟಕಿಗಳನ್ನು ಮುಚ್ಚಿ, ಸೀಲಿಂಗ್ ಫ್ಯಾನುಗಳನ್ನು ಆರಿಸಿ, ಅವು ಪೂರ್ತಿ ನಿಂತ ಮೇಲೂ ಐದು ನಿಮಿಷ ಕಾಯಿರಿ. ಫ್ಯಾನು ನಿಂತರೂ ಕೋಣೆಯ ಗಾಳಿ ಅಷ್ಟು ಬೇಗ ನಿಲ್ಲುವುದಿಲ್ಲ.